ಎಲ್ಲರೂ ಹೂಂ ಅನ್ನಬೇಕು

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿತ್ತು ಎಂದು ನಾನು ಹೇಳುತ್ತಿಲ್ಲ, ಹೇಳುತ್ತಿದ್ದವಳು ನಮ್ಮತ್ತೆ! ಎಪ್ಪತ್ತರ ದಶಕದ ಕೊನೆಯಲ್ಲಿ ಮಾವ ತಮಿಳುನಾಡಿನ ಗಡಿಯ ಹೊಸೂರಿನಿಂದ ತಳಿ ಎಂಬ ಊರಿನಾಚೆಯ ಕಾಡಿಗೆ, ಇರುಳಿಗರ ಹಟ್ಟಿಗೆ, ಸಂಶೋಧನೆಗೆಂದು ಹೋಗುತ್ತಿದ್ದ. ಕಾಡಿನ ಜನರ ರೀತಿನೀತಿಗೆ ಒಪ್ಪುವಂತೆ ಅವರ ಅಭಿವೃದ್ಧಿ ಆಗುವುದು ಹೇಗೆ ಎಂಬುದು ವಿಷಯ. ಅವರ ಕಥೆ ಹಾಗಿರಲಿ, ಮೊದಲು ಬದಲಾದದ್ದು ಮಾವನೇ!

ಆ ಹಟ್ಟಿಯಲ್ಲಿ ಏನೇ ತೀರ್ಮಾನವಾಗಬೇಕಾದರೂ ಎಲ್ಲರೂ ದುಂಡಗೆ ಕೂತು, ಒಬ್ಬೊಬ್ಬರೂ ಬಾಯಿಬಿಟ್ಟು 'ಹೂಂ' ಅನ್ನಬೇಕು. ಒಬ್ಬರು ಸುಮ್ಮನಿದ್ದರೂ ಮಾತು ಅಲ್ಲಿಗೇ ನಿಂತಿತು. ಮಾವ ಇದನ್ನು ಬರೆದುಕೊಂಡು ಸುಮ್ಮನಾಗಬಾರದಿತ್ತೇ? ಮನೆಗೇ ತಂದ! ಬಸ್ಸಾರೋ ಉಪ್ಪುಸಾರೋ ಎಂದು ನಡುಮನೆಯಲ್ಲಿ ಸಭೆ. ಸಭೆಯ ನಡುವೆ ನಮ್ಮಜ್ಜಿ ನಿದ್ದೆ ಹೋದರು. ನಿದ್ದೆ ಹೂಂ ಅಲ್ಲವಲ್ಲ! ಅವರು ಏಳುವವರೆಗೆ ಒಲೆ ಹಚ್ಚುವಂತಿಲ್ಲ.

"ಹೊಟ್ಟೆ ಚುರ್ ಅಂತೈತೆ, ಅದ್ರ ಮಾತು ಯಾರೂ ಕೇಳಾಕಿಲ್ವಾ?" ಎಂದು ಅತ್ತೆ ಕೂಗಿದಳು.

ಮುಂದೆ ಸರ್ಕಾರ ಹಟ್ಟಿಗೆ ಹೆಂಚಿನ ಮನೆ ಕೊಡಲು ಹೊರಟಿತು. ನಕ್ಷೆ ಹಿಡಿದು ಬಂದ ಅಧಿಕಾರಿಯನ್ನೂ ಮಾವ ಬೂಟು ಬಿಚ್ಚಿಸಿ ನೆಲಕ್ಕೆ ಕೂರಿಸಿದ! ಎಲ್ಲರೂ ಹೂಂ ಅಂದರು. ಹಟ್ಟಿಯ ಹಿರಿಯಮ್ಮ ಮಾತ್ರ ತುಟಿ ಬಿಚ್ಚಲಿಲ್ಲ. ಹೊತ್ತು ಇಳಿಯಿತು, ಅಧಿಕಾರಿಯ ಕಾಲು ಜೋಮು ಹಿಡಿಯಿತು.

"ಏನಮ್ಮಾ, ಮನೆ ವೇಂಡಾಮಾ?" ಎಂದು ಆತ ನರಳಿದ.

"ಬ್ಯಾಡ ಅಂದ್ನಾ? ಹಿಂಗೆ ಸಾಲಾಗಿ ಕಟ್ಟಿದ್ರೆ ಇನ್ನೊಬ್ರ ಗ್ವಾಡೆ ನೋಡ್ಕೊಂಡಿರ್ಬೇಕಾ? ಬಾಗ್ಲಿಗೆ ಬಾಗ್ಲು ಕಾಣ್ಬೇಕು ಕಣಪ್ಪಾ."

ಜೋಮಿನ ಮಹಿಮೆಯೋ ಏನೋ, ಮನೆಗಳು ಒಂದೇ ಅಂಗಳದ ಸುತ್ತ ಎದುರುಬದುರಾಗಿ ಎದ್ದವು. ಬೇರೆ ಕಡೆ ಸಾಲಾಗಿ ಕಟ್ಟಿದ ಮನೆಗಳಲ್ಲಿ ಮೇಕೆ ಕಟ್ಟುತ್ತಿದ್ದರು. ಇಲ್ಲಿ ಜನ ಒಕ್ಕಲಾದರು.

ಸಂಶೋಧನೆ ಮುಗಿದದ್ದೇ ಮಾವನಿಗೆ ಮದರಾಸಿನಲ್ಲಿ ದೊಡ್ಡ ಹುದ್ದೆ ಬಂತು. ಎಲ್ಲರಿಗಿಂತ ಮೊದಲು ಪಾತ್ರೆ ಪಗಡ ಮೂಟೆ ಕಟ್ಟಿದವಳು ಅತ್ತೆ! ಹಟ್ಟಿಯವರಿಗೆ ಹೇಳಿಬರಲು ಮಾವ ಹೊರಟಾಗ ಅವಳೂ ನಾನೂ ಜೊತೆಗೆ ಹೋದೆವು. ಮತ್ತೆ ದುಂಡಗೆ ಕೂತದ್ದಾಯಿತು.

"ಹೋಗ್ಲಾ?" ಎಂದ ಮಾವ.

ಒಬ್ಬೊಬ್ಬರೇ ತಲೆ ತಗ್ಗಿಸಿ ಹೂಂ ಅಂದರು. ಹಿರಿಯಮ್ಮ ಅನ್ನಲಿಲ್ಲ.

"ಇಸ್ಕೂಲು ಕಟ್ಟಾಕೆ ಬತ್ತಾರಂತೆ," ಎಂದಳು. "ಅವ್ರನ್ನ ನೆಲಕ್ಕೆ ಕೂರ್ಸೋರು ಯಾರು ಮಗಾ?"

ಮಾವ ಅತ್ತೆಯ ಕಡೆ ತಿರುಗಿದ. "ನೀನಾದ್ರೂ ಹೂಂ ಅನ್ನೇ."

ಅತ್ತೆ ಎದ್ದು ಹೋಗಿ ಹಿರಿಯಮ್ಮನ ಪಕ್ಕ ಕೂತಳು. ಆಕೆಯ ಒರಟು ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ನಾನೂ ಅನ್ನಾಕಿಲ್ಲ. ನಾವು ಇಲ್ಲೇ ಇರಾನ."

ಮಾವ ಕಣ್ಣೊರೆಸಿಕೊಂಡು, ಎಲ್ಲರಿಗೂ ಕೇಳುವಂತೆ, "ಹೂಂ" ಅಂದ.