ಎರಡು ಎತ್ತರದ ಟ್ರ್ಯಾಕ್ಟರು

೨೦೨೫ರ ಜೂನ್ ೩, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ಧಾರವಾಡದ ಕೆಲಗೇರಿಯಲ್ಲಿರುವ ಉಪಕರಣ ಪಾಲನಾ ಕೇಂದ್ರದ ಏಕೈಕ ಟ್ರ್ಯಾಕ್ಟರಿನ ಬಕೆಟ್ಟು ಮೇಲೆ ಹೋಯಿತು, ಕೆಳಗೆ ಬರಲಿಲ್ಲ.

ಕೇಂದ್ರದ ಹಿಂಭಾಗದ ನಾಲ್ಕು ಎಕರೆಯಲ್ಲಿ ಹದಿನಾಲ್ಕು ವರ್ಷಗಳಿಂದ ಜಾಲಿಕಂಟಿ ಬೆಳೆದಿತ್ತು. ಪರಿಸರ ದಿನದಂದು ಅಲ್ಲಿ ಗಿಡ ನೆಡಬೇಕೆಂದು ಹುಬ್ಬಳ್ಳಿಯ ಮುಖ್ಯ ಕಚೇರಿ ಆದೇಶಿಸಿದ್ದರಿಂದ, ನೆಡುವ ಗಿಡಗಳಿಗೆ ಜಾಗವಾಗಲೆಂದು ಇದ್ದ ಗಿಡಗಳನ್ನು ಸವರುವ ಕೆಲಸ ನಡೆದಿತ್ತು. ಟ್ರ್ಯಾಕ್ಟರಿನ ಹಿಂದೆ ಕಂಟಿ ಕತ್ತರಿಸುವ ಯಂತ್ರ; ಮುಂದೆ, ಕತ್ತರಿಸಿದ್ದನ್ನು ಬಾಚಿ ಎತ್ತುವ ಲೋಡರು. ಹಿಂದಿನದು ತನ್ನ ಕರ್ತವ್ಯವನ್ನು ಪೂರೈಸಿತು. ಮುಂದಿನದು ಎತ್ತಿದ ಕೈ ಇಳಿಸದೆ ನಿಂತುಬಿಟ್ಟಿತು.

ಅಧೀಕ್ಷಕಿ ದಾಕ್ಷಾಯಿಣಿ ಕಲ್ಲಾಪುರ ಅವರ ನಿವೃತ್ತಿಗೆ ಅಂದಿಗೆ ಇಪ್ಪತ್ತೇಳು ದಿನ ಉಳಿದಿದ್ದವು. ಅವರದು ಕನ್ನಡ ಎಂ.ಎ., ಪ್ರಥಮ ದರ್ಜೆ. ಅವರು ಬರೆದ ಟಿಪ್ಪಣಿಗಳಲ್ಲಿ ಅಲ್ಪವಿರಾಮವೂ ಸ್ಥಾನ ತಪ್ಪುತ್ತಿರಲಿಲ್ಲ. ಮೂವತ್ತಾರು ವರ್ಷಗಳ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯ ಒಂದು ಟೀಕೆಯೂ ಇರಲಿಲ್ಲ. ಜೂನ್ ೩೦ರ ಸಂಜೆ ಐದೂವರೆಯವರೆಗೂ ಇರಬಾರದು ಎಂಬುದೊಂದನ್ನೇ ಅವರು ಈ ಲೋಕದಿಂದ ಬಯಸಿದ್ದರು.

"ಮೇಡಂರಿ, ಬಕೆಟ್ಟ ಇಳಿವಲ್ದು," ಎಂದ ಚಾಲಕ ಇಸ್ತಿಯಾಕ, ಬಾಗಿಲಲ್ಲಿ ಚಪ್ಪಲಿ ಬಿಡುತ್ತ.

"ಯಾಕ?"

"ಕಡ್ಡಿ ಸಿಕ್ಕೊಂಡೈತ್ರಿ. ಹಿಡಿಕಿ ಬುಡಕ, ಸರಳಿನ ಸಂದ್ಯಾಗ. ಗೇಣುದ್ದ ಜಾಲಿ ಕಡ್ಡಿ. ನಿಂತ್ರ ಕಾಣತೈತಿ."

"ಕಾಣತೈತಿ ಅಂದ್ರ ತಗದ್ ಬಿಡು."

ಇಸ್ತಿಯಾಕ ಕೈಕಟ್ಟಿ ನಿಂತ. "ನಾ ಹೆಂಗ ತಗೀಲಿರಿ? ಹೋದ ವರ್ಷ ಟಾಯರಿಗೆ ಗಾಳಿ ಹಾಕ್ಸಿದ್ದಕ್ಕ ನೋಟೀಸ ಕೊಟ್ಟಿದ್ರಿ. 'ಚಾಲಕನು ಚಾಲನೆಯನ್ನಲ್ಲದೆ ಅನ್ಯ ಕಾರ್ಯದಲ್ಲಿ ತೊಡಗುವುದು ಶಿಸ್ತಿನ ಉಲ್ಲಂಘನೆಯೆನಿಸುತ್ತದೆ.' ನನಗ ಬಾಯಿಪಾಠ ಆಗೈತ್ರಿ."

ವಾಕ್ಯ ತಮ್ಮದೇ ಎಂದು ದಾಕ್ಷಾಯಿಣಿಯವರಿಗೆ ತಕ್ಷಣ ಗೊತ್ತಾಯಿತು. ಒಳ್ಳೆಯ ವಾಕ್ಯ. ಅವರು ಅದನ್ನು ಮೀರಲು ಯಾರಿಗೂ ಹೇಳುವಂತಿರಲಿಲ್ಲ.

ತಾವೇ ತೆಗೆಯೋಣವೆಂದರೆ ಕೇಂದ್ರದ ಕೈಪಿಡಿಯ ೧೪ನೆಯ ನಿಯಮ ಅಡ್ಡ ಬಂದಿತು: ಯಂತ್ರದೊಳಗೆ ಪ್ರವೇಶಿಸಿದ ಅನ್ಯವಸ್ತುವನ್ನು ಸಕ್ಷಮ ತಂತ್ರಜ್ಞರ ಹೊರತು ಯಾರೂ ಸ್ಪರ್ಶಿಸತಕ್ಕದ್ದಲ್ಲ. ಸಕ್ಷಮ ತಂತ್ರಜ್ಞರು ೨೦೧೧ರಲ್ಲಿ ನಿವೃತ್ತರಾಗಿದ್ದರು. ಅವರ ಹುದ್ದೆ ರದ್ದಾಗಿರಲಿಲ್ಲವಾದ್ದರಿಂದ ಅವರ ಅಧಿಕಾರವನ್ನು ಮತ್ತೊಬ್ಬರು ಚಲಾಯಿಸುವಂತಿರಲಿಲ್ಲ. ಹುದ್ದೆ ತುಂಬಿರಲಿಲ್ಲವಾದ್ದರಿಂದ ಸಕ್ಷಮ ತಂತ್ರಜ್ಞರೂ ಚಲಾಯಿಸುವಂತಿರಲಿಲ್ಲ.

ದಾಕ್ಷಾಯಿಣಿಯವರು ಮುಖ್ಯ ಕಚೇರಿಗೆ ಬರೆದರು. ಮೂರನೆಯ ದಿನ ಇಪ್ಪತ್ತೆರಡು ಪ್ರಶ್ನೆಗಳ ನಮೂನೆಯೊಂದು ಬಂದಿತು. ಎಂಜಿನ್ ಚಾಲೂ ಆಗುತ್ತದೆಯೇ? ಆಗುತ್ತದೆ. ಹೈಡ್ರಾಲಿಕ್ ಎಣ್ಣೆ ಗುರುತಿನವರೆಗೆ ಇದೆಯೇ? ಇದೆ. ಎಣ್ಣೆಯ ಪೈಪುಗಳನ್ನು ಕಂಟಿ ಕಿತ್ತಿದೆಯೇ? ಇಲ್ಲ. ಜೋಡಣೆಗಳು ಸಡಿಲಾಗಿವೆಯೇ? ಇಲ್ಲ. ಇಪ್ಪತ್ತೆರಡೂ ಮುಗಿದ ಮೇಲೆ ಕೆಳಗೆ ಉಳಿದಿದ್ದ ಬೆರಳಗಲದ ಜಾಗದಲ್ಲಿ ಅವರು ದುಂಡಾಗಿ ಬರೆದರು: "ಕಡ್ಡಿ ಸಿಲುಕಿದೆ."

ಉತ್ತರ ಸ್ಪಷ್ಟವಾಗಿತ್ತು. "ತಯಾರಕರ ಬಿಡಿಭಾಗಗಳ ಪಟ್ಟಿಯಲ್ಲಿ ಕಡ್ಡಿ ಎಂಬ ಭಾಗ ಇರುವುದಿಲ್ಲ. ಇಲ್ಲದ ಭಾಗವು ಸಿಲುಕಲಾರದು. ಮರುಪರಿಶೀಲಿಸಿ ವರದಿ ಮಾಡುವುದು."

ಅಷ್ಟರಲ್ಲಿ ಪರಿಸರ ದಿನ ಬಂದು ಹೋಗಿತ್ತು. ಕಂಟಿಯ ರಾಶಿಯನ್ನು ಎತ್ತುವ ಯಂತ್ರ ಮೇಲೆಯೇ ನಿಂತಿದ್ದರಿಂದ ರಾಶಿ ಕೆಳಗೇ ಉಳಿಯಿತು. ಗಣ್ಯರು ಕಚೇರಿಯ ಮೆಟ್ಟಿಲ ಮೇಲೆ ಸಸಿಗಳನ್ನು ಹಿಡಿದು ಫೋಟೊ ತೆಗೆಸಿಕೊಂಡು, ಸಸಿಗಳನ್ನು ಕಾರಿನಲ್ಲಿಟ್ಟುಕೊಂಡು ಹೋದರು.

ನಿವೃತ್ತರಾಗುವವರ ವಶದಲ್ಲಿರುವ ಸಾಮಾನನ್ನು ಅಳೆದು ನೋಡಬೇಕೆಂಬುದು ಇಲಾಖೆಯ ಕ್ರಮ. ಅದರಂತೆ ಜೂನ್ ೧೬ರಂದು ಹುಬ್ಬಳ್ಳಿಯಿಂದ ಪರಿಶೀಲನಾಧಿಕಾರಿ ಪಂಢರಿನಾಥರು ಟೇಪು ಹಿಡಿದು ಬಂದರು. ಅವಲಕ್ಕಿ, ಚಹಾ ಮುಗಿಸಿ, ಟ್ರ್ಯಾಕ್ಟರಿನ ಉದ್ದ ಅಳೆದರು, ಅಗಲ ಅಳೆದರು. ಎತ್ತರಕ್ಕೆ ಏಣಿ ತರಿಸಬೇಕಾಯಿತು.

"ಮೇಡಂ, ವಹಿಯೊಳಗ ಎಂಟು ಫೂಟು ಅದ. ಇದು ಹದಿಮೂರು."

"ಬಕೆಟ್ಟು ಮ್ಯಾಲ ಐತಲ್ರೀ."

"ಅದನ್ನ ಕಾರಣದ ಕಾಲಂನ್ಯಾಗ ಬರೀಬಹುದಿತ್ತು. ಆದರ ಈ ನಮೂನೆಗೆ ಕಾರಣದ ಕಾಲಮ್ಮ ಇಲ್ಲ."

"ಎಂಜಿನ್ ನಂಬರು ನೋಡ್ರಿ. ಅದ ನಂಬರು."

"ನಂಬರಿನ ಕಾಲಮ್ಮೂ ಇಲ್ಲರಿ." ಪಂಢರಿನಾಥರ ದನಿಯಲ್ಲಿ ನಿಜವಾದ ಕನಿಕರವಿತ್ತು. "ಉದ್ದ, ಅಗಲ, ಎತ್ತರ. ಇಷ್ಟ. ಎಂಟು ಫೂಟಿಂದು ನೀವು ತೋರಿಸಲಿಲ್ಲ. ಹದಿಮೂರು ಫೂಟಿಂದು ವಹಿಯೊಳಗ ಇಲ್ಲ. ನಾ ಏನ್ ಮಾಡ್ಲಿ ಹೇಳ್ರಿ?"

ಅವರು ಮಾಡಿದ್ದಿಷ್ಟು: ಒಂದು ಟ್ರ್ಯಾಕ್ಟರ್ ಕೊರತೆ, ಒಂದು ಟ್ರ್ಯಾಕ್ಟರ್ ಹೆಚ್ಚುವರಿ ಎಂದು ಬರೆದು, ಎರಡು ಕಡೆ ಸಹಿ ಮಾಡಿ, ಎರಡನೆಯ ಸಲ ಚಹಾ ಕುಡಿದರು. ಒಂದರಲ್ಲಿ ಇನ್ನೊಂದನ್ನು ಕಳೆದುಬಿಡಬಹುದಲ್ಲ ಎಂದು ದಾಕ್ಷಾಯಿಣಿಯವರು ಕೇಳಿದ್ದಕ್ಕೆ, ಕೊರತೆಯನ್ನು ನೋಡುವ ಶಾಖೆ ಎರಡನೆಯ ಮಹಡಿಯಲ್ಲಿಯೂ ಹೆಚ್ಚುವರಿಯನ್ನು ನೋಡುವ ಶಾಖೆ ನೆಲಮಹಡಿಯಲ್ಲಿಯೂ ಇವೆಯೆಂದು ತಿಳಿಸಿದರು.

ನೆಲಮಹಡಿ ಚುರುಕಾಗಿತ್ತು. ಹೆಚ್ಚುವರಿ ಟ್ರ್ಯಾಕ್ಟರಿಗೆ ನಾಲ್ಕೇ ದಿನಗಳಲ್ಲಿ ಹೊಸ ಕ್ರಮಸಂಖ್ಯೆ, ಪ್ರತ್ಯೇಕ ಡೀಸೆಲ್, ಪ್ರತ್ಯೇಕ ಶೆಡ್ಡು ಮಂಜೂರಾದವು. ಚಾಲಕನಾಗಿ ಪಂಢರಿನಾಥರ ಅಕ್ಕನ ಮಗ, ಮೂವತ್ತೆಂಟು ವರ್ಷದ ಮಿಲಿಂದ, ಹಾಜರಾದ. ಮಿಲಿಂದನಿಗೆ ಟ್ರ್ಯಾಕ್ಟರ್ ನಡೆಸಲು ಬರುತ್ತಿರಲಿಲ್ಲ; ಇದರಿಂದ ಕೆಲಸಕ್ಕೆ ಯಾವ ಅಡಚಣೆಯೂ ಆಗಲಿಲ್ಲ.

ಎರಡನೆಯ ಮಹಡಿಯಿಂದಲೂ ಪತ್ರ ಬಂದಿತು. ಕಳೆದುಹೋದ ಟ್ರ್ಯಾಕ್ಟರನ್ನು ಜೂನ್ ೩೦ರೊಳಗೆ ಹಾಜರುಪಡಿಸದಿದ್ದಲ್ಲಿ ಅಧೀಕ್ಷಕಿಯನ್ನು ಸೇವೆಯಿಂದ ಬಿಡುಗಡೆ ಮಾಡಲಾಗುವುದಿಲ್ಲ. ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯ ಷರಾ ಬರೆಯಲಾಗುವುದು. ದಾಕ್ಷಾಯಿಣಿಯವರು ಪತ್ರವನ್ನು ಎರಡು ಸಲ ಓದಿದರು. ಅದರಲ್ಲಿ ಮೂರು ಕಾಗುಣಿತದ ತಪ್ಪುಗಳಿದ್ದವು. ತಮಗೆ ಬರುವ ಮೊದಲ ಷರಾ ತಪ್ಪುಗನ್ನಡದಲ್ಲಿರುತ್ತದೆಂಬುದು ಅವರಿಗೆ ಷರಾಕ್ಕಿಂತ ಹೆಚ್ಚು ನೋವುಂಟುಮಾಡಿತು.

ಜೂನ್ ೨೫ರ ಮಧ್ಯಾಹ್ನ, ಎಲ್ಲರೂ ಬುತ್ತಿ ಬಿಚ್ಚಿದ್ದ ಹೊತ್ತಿನಲ್ಲಿ, ಅವರು ಸೀರೆಯ ನೆರಿಗೆ ಎತ್ತಿಕೊಂಡು ಟ್ರ್ಯಾಕ್ಟರಿನ ಮೆಟ್ಟಿಲೇರಿ, ಎರಡು ಬೆರಳಲ್ಲಿ ಕಡ್ಡಿಯನ್ನು ಹಿಡಿದೆಳೆದರು. ಅದು ಅಷ್ಟು ಸುಲಭವಾಗಿ ಬಂದಿತೆಂಬುದು ಅವರಿಗೆ ಅವಮಾನವೆನಿಸಿತು. ಇಸ್ತಿಯಾಕ ಬುತ್ತಿ ಬಿಟ್ಟು ಬಂದು, ಎಂಜಿನ್ ಚಾಲೂ ಮಾಡಿ, ಹಿಡಿಕೆ ದೂಡಿದ. ಬಕೆಟ್ಟು ಮಳೆನೀರು ಚೆಲ್ಲುತ್ತ ನೆಲಕ್ಕಿಳಿಯಿತು.

"ಇದು ಚಾಲನೆ ಅನಸ್ಕೋತೈತ್ರಿ," ಎಂದು ಅವನು ತನ್ನ ನಡತೆಯನ್ನು ಸಮರ್ಥಿಸಿಕೊಂಡ.

ಅವರು ಪಂಢರಿನಾಥರಿಗೆ ಫೋನು ಮಾಡಿದರು.

"ಅಭಿನಂದನೆ ಮೇಡಂ! ಎಂಟು ಫೂಟಿಂದು ಸಿಕ್ತಂದ್ರ ಛಲೋ ಆತು ಬಿಡ್ರಿ. ಮತ್ತ ಹದಿಮೂರು ಫೂಟಿಂದು ಎಲ್ಲದ?"

ದಾಕ್ಷಾಯಿಣಿಯವರು ಕಿಟಕಿಯಿಂದ ನೆಲಕ್ಕಿಳಿದ ಬಕೆಟ್ಟನ್ನು ನೋಡಿದರು. ಪಂಢರಿನಾಥರು ಮುಂದುವರಿಸಿದರು:

"ಅದಕ್ಕ ನಂಬರು ಬಂದದ. ಡೀಸೆಲ್ ಮಂಜೂರ ಆಗ್ಯದ. ಮಿಲಿಂದ ಹಾಜರಿ ಹಾಕ್ಯಾನ. ಈಗ ಅದು ಕಳದ್ರ ಹೊಸಾ ಗಾಡಿ ಕಳದಂಗ, ಮೇಡಂ. ಹಳೇದು ಕಳದದ್ದು ಇನ್ನೂ ಸಣ್ಣ ತಪ್ಪಿತ್ತು."

ಅವರು ಫೋನು ಕೆಳಗಿಟ್ಟರು. ಅಂದು ಸಂಜೆಯವರೆಗೆ ಒಂದು ಸಾಲನ್ನೂ ಬರೆಯಲಿಲ್ಲ. ಮರುದಿನ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಕುಳಿತು, ತಮ್ಮ ಸೇವಾವಧಿಯ ಕೊನೆಯ ಹಾಗೂ ಅತ್ಯುತ್ತಮ ಕರಡನ್ನು ಸಿದ್ಧಪಡಿಸಿದರು. ಮಧ್ಯಾಹ್ನ ಅದನ್ನು ಫಲಕಕ್ಕೆ ಅಂಟಿಸಲಾಯಿತು:

"ಕಚೇರಿ ಆದೇಶ. ಕೇಂದ್ರದ ಎರಡೂ ಟ್ರ್ಯಾಕ್ಟರುಗಳನ್ನು ಏಕಕಾಲಕ್ಕೆ ನೋಡಲು ಯಾರೂ ಯತ್ನಿಸತಕ್ಕದ್ದಲ್ಲ. ಎಂಟು ಅಡಿಯ ಟ್ರ್ಯಾಕ್ಟರು ಬೆಳಿಗ್ಗೆ ಹತ್ತರಿಂದ ಒಂದು ಗಂಟೆಯವರೆಗೆ, ಹದಿಮೂರು ಅಡಿಯದು ಮಧ್ಯಾಹ್ನ ಎರಡರಿಂದ ಐದರವರೆಗೆ ಲಭ್ಯವಿರುತ್ತದೆ. ನಡುವಿನ ಅವಧಿಯಲ್ಲಿ ಅಧೀಕ್ಷಕರು ಖುದ್ದಾಗಿ ಕಡ್ಡಿಯ ವ್ಯವಸ್ಥೆ ಮಾಡತಕ್ಕದ್ದು."

ಮುಖ್ಯ ಕಚೇರಿಯ ಎರಡೂ ಮಹಡಿಗಳು ಆದೇಶವನ್ನು ಮೆಚ್ಚಿ ಅನುಮೋದಿಸಿದವು.

ಜೂನ್ ೩೦ರಂದು ಹೊಸ ಅಧೀಕ್ಷಕ ಶಿವಯೋಗೀಶ ಅಧಿಕಾರ ವಹಿಸಿಕೊಳ್ಳಲು ಬಂದರು. ಹನ್ನೊಂದು ಗಂಟೆಗೆ ಎಂಟು ಅಡಿಯದನ್ನು ನೋಡಿ ಸಹಿ ಮಾಡಿದರು. ಊಟವಾಯಿತು. ಮೂರು ಗಂಟೆಗೆ ಹದಿಮೂರು ಅಡಿಯದನ್ನು ನೋಡಿದರು.

"ಎರಡೂ ಛಲೋ ಅದಾವ್ರಿ," ಎಂದರು. "ಎರಡನೇದು ಸ್ವಲ್ಪ ಹೊಸಾದು ಕಾಣತೈತಿ."

ದಾಕ್ಷಾಯಿಣಿಯವರಿಗೆ ಇನ್ನು ತಡೆಯಲಾಗಲಿಲ್ಲ. "ಶಿವಯೋಗೀಶ, ಖರೇ ಹೇಳತೇನಿ. ಅಲ್ಲಿ ಇರೋದು ಒಂದ ಟ್ರ್ಯಾಕ್ಟರ್. ಮತ್ತ ಒಂದು ಕಡ್ಡಿ."

ಶಿವಯೋಗೀಶ ಪೆನ್ನಿನ ಮುಚ್ಚಳ ತೆಗೆದರು. "ಗೊತ್ತೈತ್ರಿ ಅಕ್ಕಾರ. ಹಿಂದಿನ ಕಚೇರಿಯೊಳಗ ನಾ ಮೂರು ಬೋರವೆಲ್ ವಹಿಸ್ಕೊಂಡಿದ್ದೆ. ತೂತು ಒಂದ ಇತ್ತು. ಕಡ್ಡಿ ವಹಿಯೊಳಗ ಬರದೀರೇನ್ರಿ? ಅದು ಇಲ್ಲಂದ್ರ ನಾ ಸಹಿ ಮಾಡಂಗಿಲ್ಲ ನೋಡ್ರಿ."

ಬರೆದಿದ್ದರು. ಕಡ್ಡಿ, ಜಾಲಿ, ಗೇಣುದ್ದ, ಒಂದು. ಸ್ಥಿತಿ: ಉತ್ತಮ.

ಐದು ಗಂಟೆಗೆ ಶಾಲು ಹೊದಿಸಿದರು. ಪಂಢರಿನಾಥರು, ಒಂದು ಟ್ರ್ಯಾಕ್ಟರಿದ್ದ ಕೇಂದ್ರವನ್ನು ಎರಡು ಟ್ರ್ಯಾಕ್ಟರಿನ ಮಟ್ಟಕ್ಕೆ ಏರಿಸಿದ ದಕ್ಷ ಅಧಿಕಾರಿಯೆಂದು ಅವರನ್ನು ಹೊಗಳಿದರು. ಇಸ್ತಿಯಾಕ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಐದೂವರೆಗೆ ಸರಿಯಾಗಿ ಬಿಡುಗಡೆ ಆದೇಶ, ಷರಾ ಇಲ್ಲದ ಸೇವಾ ಪುಸ್ತಕದ ನಕಲು ಕೈಗೆ ಬಂದವು.

ಗೇಟಿನತ್ತ ಹೊರಟ ದಾಕ್ಷಾಯಿಣಿಯವರು ಹಿತ್ತಲಿನ ಕಡೆ ತಿರುಗಿದರು. ಕಂಟಿಯ ರಾಶಿ ಹಾಗೇ ಬಿದ್ದಿತ್ತು. ಅದರ ಸುತ್ತ ಹೊಸ ಜಾಲಿ ಮೊಣಕಾಲಿನ ತನಕ ಚಿಗುರಿತ್ತು. ದಿನವೂ ಹಾಕಿ ತೆಗೆಯುವ ಕಡ್ಡಿ ಒಂದು ಮಳೆಗಾಲ ತಾಳಲಾರದೆಂಬುದು ಅವರಿಗೆ ಹೊಳೆದಿತ್ತು. ಶಾಲನ್ನು ಹೆಗಲ ಮೇಲೆ ಸರಿಪಡಿಸಿಕೊಂಡು ಅವರು ಬಾಗಿ, ರಾಶಿಯಿಂದ ಗೇಣುದ್ದದ, ಗಂಟಿಲ್ಲದ, ನೇರವಾದ ಇನ್ನೊಂದು ಕಡ್ಡಿಯನ್ನು ಆರಿಸಿದರು. ಅದನ್ನು ಒಳಗೆ ಕೊಟ್ಟು, ಹೆಚ್ಚುವರಿ ಬಿಡಿಭಾಗವೆಂದು ದಾಖಲಿಸಿ, ಸ್ವೀಕೃತಿ ಪಡೆದೇ ಮನೆಗೆ ಹೋಗುವುದೆಂದು ನಿರ್ಧರಿಸಿದರು.