ಮಾಸ್ತರರ ಪರದೆಗೆ ಬಣ್ಣ ತುಂಬಿದ್ದು

ಆಘಾತ ಎಂಬ ಶಬ್ದವನ್ನು ನಾನು ಸುಮ್ಮನೆ ಬಳಸುವವನಲ್ಲ. ಪತ್ರಿಕೆಗೆ ಸೇರಿದ ಹೊಸದರಲ್ಲಿ ನಮ್ಮ ಮುಖ್ಯ ಉಪಸಂಪಾದಕರು ನನ್ನ ವರದಿಯಲ್ಲಿ ಆ ಶಬ್ದ ಕಂಡಾಗಲೆಲ್ಲ ಕೆಂಪು ಗೆರೆ ಎಳೆದು, "ಯಾರಿಗೆ ಆಘಾತವಾಯಿತು? ಹೆಸರೇನು? ಹಾಗೆಂದು ಅವರು ಹೇಳಿದರೇ?" ಎಂದು ಕೇಳುತ್ತಿದ್ದರು. ಅಂದಿನಿಂದ ಶಿಗ್ಗಾಂವಿಯಲ್ಲಿ ಕುಳಿತು ಸುತ್ತಲಿನ ತಾಲೂಕುಗಳ ಸಭೆ, ಮುಷ್ಕರ, ಮಳೆ, ಅಪಘಾತ ಎಲ್ಲವನ್ನೂ ಆಘಾತವಿಲ್ಲದೆ ಬರೆದು ಕಳಿಸುತ್ತಿದ್ದೇನೆ. ಈಗ ಬರೆಯುತ್ತೇನೆ: ಆಘಾತವಾಯಿತು. ನನಗೇ ಆಯಿತು. ಹಾಗೆಂದು ನಾನೇ ಹೇಳುತ್ತಿದ್ದೇನೆ. ಕಾರಣ, ಒಂದು ಚಿತ್ರಕ್ಕೆ ಬಣ್ಣ ಹಚ್ಚಿದ್ದು.

ಭಾನುವಾರದ ಪುರವಣಿಗೆ ನಾನೊಂದು ಅಂಕಣ ಬರೆಯುತ್ತೇನೆ. ಯಾರಾದರೊಬ್ಬರು ತಮ್ಮ ಕಸುಬಿನ ಗುಟ್ಟೊಂದನ್ನು ಹೇಳುತ್ತಾರೆ. ಅವರ ಹೆಸರು, ಊರು, ಮುಖ ಯಾವುದನ್ನೂ ನಾವು ಹಾಕುವುದಿಲ್ಲ. ಫೋಟೋದ ಜಾಗದಲ್ಲಿ ನಾನೇ ಟ್ಯಾಬಿನ ಮೇಲೆ ಬರೆದ ಚಿತ್ರ ಇರುತ್ತದೆ. ಇಷ್ಟು ದಿನ ಅದು ಬರೀ ಬೂದು ಛಾಯೆಗಳಲ್ಲಿ ಇರುತ್ತಿತ್ತು, ಯಾರಿಗೂ ತೊಂದರೆ ಇರಲಿಲ್ಲ. ಬೂದು ಬಣ್ಣದಲ್ಲಿ ಎಲ್ಲರೂ ಎಲ್ಲರಂತೆ ಕಾಣುತ್ತಾರೆ. ಖಾನಾವಳಿಯವರೊಬ್ಬರ ಗುಟ್ಟು ಅಚ್ಚಾದ ದಿನ ಹಾನಗಲ್ಲಿನ ಮೂವರು ಖಾನಾವಳಿಯವರು ಬೇರೆಬೇರೆಯಾಗಿ ಫೋನ್ ಮಾಡಿ "ಅದು ನಾ ಅಲ್ರಿ" ಎಂದು ಸ್ಪಷ್ಟನೆ ಕೊಟ್ಟಿದ್ದರು. ಗುಟ್ಟು ಹೇಳಿದವರು ಹಿರೇಕೆರೂರಿನವರು.

ಕಳೆದ ತಿಂಗಳು ಸವಣೂರಿನ ಟೇಲರ್ ಮೌಲಾಸಾಬರ ಸರದಿ. ಹೆಂಗಸರ ಜಂಪರ್, ಎಂದರೆ ರವಿಕೆ, ಹೊಲಿಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ ಎಂಬ ಹೆಸರು. ಸುತ್ತಲಿನ ಊರೆಲ್ಲ ಅವರನ್ನು ಮಾಸ್ತರ ಎಂದೇ ಕರೆಯುತ್ತದೆ. ನನ್ನ ಹೆಂಡತಿ ಗಿರಿಜಾ ಕೂಡ ಶಿಗ್ಗಾಂವಿಯ ಅಷ್ಟೂ ಟೇಲರುಗಳನ್ನು ಬಿಟ್ಟು ಬಸ್ಸು ಹತ್ತಿ ಅಲ್ಲಿಗೇ ಹೋಗುತ್ತಾಳೆ. ಮಾಸ್ತರರು ಅಂದು ದನಿ ತಗ್ಗಿಸಿ ಹೇಳಿದರು: "ಕತ್ತರಿ ಮುಟ್ಟಿ ಹನ್ನೆರಡು ವರ್ಷ ಆತ್ರಿ. ಎಲ್ಲಾ ಒಳಗ ನನ್ನ ಹೇಣ್ತಿ ಜುಬೇದಾನ ಕತ್ತರಸ್ತಾಳ. ನಾ ಟೇಪು ಕೊಳ್ಳಾಗ ಹಾಕ್ಕೊಂಡು ಇಲ್ಲೆ ಕುಂದ್ರತೇನಿ. ಇದು ಹೊರಗ ಗೊತ್ತಾತಂದ್ರ ನಮ್ಮ ಅಂಗಡಿ ಮುಗೀತು ನೋಡ್ರಿ."

ಗೊತ್ತಾಗುವುದಿಲ್ಲ ಎಂದು ಮಾತು ಕೊಟ್ಟೆ. ನಮ್ಮ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಮನೆಗೆ ಬಂದು ಚಿತ್ರ ಬರೆದೆ: ಹೊಲಿಗೆ ಯಂತ್ರದ ಮುಂದೆ ಬೆನ್ನು ಮಾಡಿ ಕುಳಿತ ಮನುಷ್ಯ, ಆಚೆ ಒಳಕೋಣೆಯ ಬಾಗಿಲಿಗೆ ಪರದೆ. ಅಷ್ಟರಲ್ಲಿ ಸಂಪಾದಕರ ಫೋನ್ ಬಂತು. "ಈ ವಾರದಿಂದ ಪುರವಣಿ ಪೂರ್ತಿ ಬಣ್ಣದ್ದು. ನಿಮ್ಮ ಚಿತ್ರಕ್ಕೂ ಬಣ್ಣ ಹಚ್ಚಿಬಿಡಿ."

ಬಿಡಿ ಎಂದಷ್ಟು ಸುಲಭವಲ್ಲ. ಬೂದು ಚಿತ್ರವನ್ನು ಅಳಿಸುವಂತಿಲ್ಲ. ಅದರ ಮೇಲೆ ಗಾಜಿನಂಥ ತೆಳು ಪದರವೊಂದನ್ನು ಇಟ್ಟು, ಕೆಳಗಿನ ನೆರಳು ಉಳಿಯುವಂತೆ ಬಣ್ಣ ತುಂಬಬೇಕು. ಯಾವ ಬಣ್ಣ ಎಂಬುದು ಪ್ರಶ್ನೆ. ಬೇರೆ ಚಿತ್ರಕಾರರು ಚೆಂದ ಕಂಡದ್ದನ್ನು ಹಚ್ಚುತ್ತಾರೆ. ನಾನು ವರದಿಗಾರ, ನೋಡದ್ದನ್ನು ಹಚ್ಚಲಾರೆ. ನೆನಪಿಗಿರಲೆಂದು ಅಂಗಡಿಯಲ್ಲಿ ತೆಗೆದ ಫೋಟೋ ಮೊಬೈಲಿನಲ್ಲಿತ್ತು. ಪರದೆ ಒಂದೇ ಬಟ್ಟೆಯದಲ್ಲ, ಬಣ್ಣಬಣ್ಣದ ತುಣುಕುಗಳನ್ನು ಕೂಡಿಸಿ ಹೊಲಿದದ್ದು, ಕೌದಿಯ ಹಾಗೆ. ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ, ಒಂದೊಂದು ತುಣುಕಿನ ಬಣ್ಣವನ್ನೂ ಅಲ್ಲಿಂದಲೇ ಎತ್ತಿ ಇಲ್ಲಿ ಇಳಿಸಿದೆ. ಗಿಳಿಹಸಿರು, ಅರಿಶಿನ, ಕುಂಕುಮಗೆಂಪಿಗೆ ಕಪ್ಪು ಚುಕ್ಕೆ, ನೇರಳೆಗೆ ಬೆಳ್ಳಿ ಅಂಚು. ಎರಡು ದಿನ ಹಿಡಿಯಿತು. ಇಷ್ಟು ಕರಾರುವಾಕ್ಕಾದ ಕೆಲಸ ಈ ಪುರವಣಿ ಕಂಡಿಲ್ಲ ಎಂದು ನನ್ನನ್ನು ನಾನೇ ಹೊಗಳಿಕೊಂಡೆ. ಬೇರೆ ಯಾರೂ ಹತ್ತಿರ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಚಹಾದ ಜೊತೆ ಪುರವಣಿ ಬಿಡಿಸಿದ ಗಿರಿಜಾ ಲೋಟ ಕೆಳಗಿಟ್ಟಳು.

"ಇದು ನನ್ನ ಜಂಪರಿನ ಅರಿವಿ."

"ಯಾವುದು?"

"ಈ ನೇರಳಿ, ಬೆಳ್ಳಿ ಅಂಚಿಂದು. ತಂಗಿ ಮದಿವ್ಯಾಗ ತೊಟ್ಟಿದ್ದೆ. ಉಳದದ್ದು ಕೊಡ್ರಿ ಅಂದ್ರ ಒಂದ ಗೇಣೂ ಉಳದಿಲ್ಲ ಅಂದಿದ್ದ ಮಾಸ್ತರ!" ಪುರವಣಿಯನ್ನು ಕಣ್ಣಿಗೆ ಹತ್ತಿರ ಹಿಡಿದಳು. "ಹಂಗಾದ್ರ ಇದು ಸವಣೂರ ಅಂಗಡಿ. ಕತ್ತರಸಾಕಿ ಜುಬೇದಾಬಿ! ಅಲ್ರಿ, ಎರಡ ದಿನ ಕುಂತು ಹಚ್ಚೀರಿ, ಹೆಂಡತಿ ಜಂಪರ ಅಂತ ಗುರ್ತ ಸಿಗಲಿಲ್ಲ ನಿಮಗ?"

ನಾನು ಉತ್ತರಿಸುವ ಮೊದಲೇ ಮೌಲಾಸಾಬರ ಫೋನ್.

"ಸಾಹೇಬ್ರ, ಮುಖ ಹಾಕಂಗಿಲ್ಲ ಅಂದಿದ್ರಿ!"

"ಹಾಕಿಲ್ಲಲ್ರಿ ಮಾಸ್ತರ."

"ಮುಖಾನ ಹಾಕಿದ್ರ ಛಲೋ ಇತ್ರಿ! ನನ್ನ ಮುಖ ಯಾರು ನೋಡ್ತಾರ? ಅಂಗಡಿಗೆ ಬಂದಾರೆಲ್ಲಾ ಆ ಪರದೆನ ನೋಡ್ಕೋಂತ ಕುಂದ್ರತಾರ. ಇಲ್ಲಿ ಕತ್ತಲಾಗ ತಮ್ಮ ಅರಿವಿ ಗುರ್ತ ಸಿಕ್ಕಿದ್ದಿಲ್ಲ, ನಿಮ್ಮ ಪೇಪರನ್ಯಾಗ ಸಿಕ್ಕೇತಿ. ಹೆಣ್ಮಕ್ಕಳು ಪೇಪರ ಹಿಡಕೊಂಡು ಬಾಗಲಾಗ ನಿಂತಾರ. ಹಿರೇಕೆರೂರಿಂದ ಒಬ್ಬಾಕಿ ಫೋನ್ ಮಾಡಿ ತನ್ನ ಹಸರ ತುಣಕ ಕೇಳಾಕತ್ತಾಳ. ಏನರ ಮಾಡ್ರಿ!"

ಸಂಪಾದಕರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅವರು ಶಾಂತವಾಗಿ ಕೇಳಿದರು, "ಯಾವ ಸಂಗತಿ ತಪ್ಪಾಗಿದೆ ಹೇಳಿ, ತಿದ್ದುಪಡಿ ಹಾಕೋಣ."

"ತಪ್ಪು ಯಾವುದೂ ಇಲ್ಲ ಸರ್. ಎಲ್ಲಾ ಸರಿಯಿದೆ. ಅದೇ ತೊಂದರೆ."

"ಸರಿಯಿದ್ದದ್ದನ್ನು ತಿದ್ದುವುದು ಹೇಗೆ?" ಎಂದು ಅವರು ಫೋನ್ ಇಟ್ಟರು.

ಕ್ಷಮೆ ಕೇಳಲು ಬಸ್ಸು ಹತ್ತಿದೆ. ಗಿರಿಜಾಳೂ ಹತ್ತಿದಳು, ಅವಳ ಉದ್ದೇಶ ಕ್ಷಮೆಯದಲ್ಲ. ಅಂಗಡಿಯ ಮುಂದೆ ಏಳೆಂಟು ಹೆಂಗಸರು. ಮೌಲಾಸಾಬರು ಕೊರಳಿನ ಟೇಪನ್ನು ಎರಡೂ ಕೈಯಿಂದ ಹಿಡಿದು, ಜಾರಿ ಬೀಳುವವರಂತೆ ಕುಳಿತಿದ್ದರು. ಜುಬೇದಾಬಿ ಪರದೆ ಸರಿಸಿ ಹೊರಗೆ ಬಂದಿದ್ದರು. ವಯಸ್ಸಾದ ಒಬ್ಬಾಕೆ ವಿಚಾರಣೆ ನಡೆಸಿದ್ದಳು.

"ನನ್ನ ಮಗಳ ಮದಿವಿ ಜಂಪರ ಕತ್ತರಿಸಿದಾಕಿ ನೀನ?"

"ಹೂಂ ಯವ್ವಾ."

"ತೋಳೂ?"

"ತೋಳೂ ನಾನ, ಕೊಳ್ಳೂ ನಾನ."

"ಹಂಗಾದ್ರ ನಡಕ ಇಂವಾ ಯಾತಕ್ಕ?"

ಎಲ್ಲರೂ ಮಾಸ್ತರರ ಕಡೆ ತಿರುಗಿದರು. ಅವರು ನನ್ನ ಕಡೆ ತಿರುಗಿದರು. ನಾನು ತಿರುಗಲು ಹಿಂದೆ ಗೋಡೆ ಇತ್ತು. ಆಮೇಲಿನದು ಬೇಗ ನಡೆಯಿತು. ವಿಚಾರಣೆ ನಡೆಸಿದ್ದಾಕೆ ತಾನು ತಂದ ಹೊಸ ಜಂಪರಿನ ಖಣವನ್ನು ನೇರವಾಗಿ ಜುಬೇದಾಬಿಯ ಕೈಗೆ ಕೊಟ್ಟಳು. ಉಳಿದವರೂ ತಮ್ಮ ಚೀಲ ಬಿಚ್ಚಿದರು. ಇಟ್ಟುಕೊಳ್ಳಲು ಜಾಗ ಬೇಕಾಗಿ ಜುಬೇದಾಬಿ ಗಂಡನ ಕುರ್ಚಿಯ ಮೇಲೆ ಕುಳಿತರು. ಗಂಡನಿಗೆ ಹುಕ್ಕು ಹಚ್ಚುವ ಕೆಲಸ ಒಳಗೆ ಸಿಕ್ಕಿತು. ಅಂಗಡಿ ಮುಗಿಯಲಿಲ್ಲ; ಮಾಸ್ತರಿಕೆ ಮುಗಿಯಿತು.

"ಮರ್ಯಾದಿ ಹೋತ್ರಿ ಸಾಹೇಬ್ರ," ಎಂದು ಪರದೆಯ ಹಿಂದಿನಿಂದ ದನಿ ಬಂತು.

"ಎಲ್ಲೆ ಹೋಗೇತಿ? ಹೊರಗಿಂದ ಒಳಗ ಬಂದೇತಿ, ಅಷ್ಟ," ಎಂದರು ಜುಬೇದಾಬಿ. ಆಮೇಲೆ ಪುರವಣಿಯನ್ನು ಯಂತ್ರದ ಮೇಲೆ ಹಾಸಿ ನನ್ನನ್ನು ಕರೆದರು. "ಬರ್ರಿ ಇಲ್ಲೆ. ಬಣ್ಣಾ ಎಲ್ಲಾ ಬರೋಬರಿ ಹಾಕೀರಿ. ಒಂದ ತುಣಕೂ ತಪ್ಪಿಲ್ಲ."

ಅಷ್ಟೆಲ್ಲ ಆದಮೇಲೂ ನನ್ನ ಎದೆ ಒಂದಿಷ್ಟು ಉಬ್ಬಿತು ಎಂಬುದನ್ನು ಮುಚ್ಚಿಡುವುದಿಲ್ಲ.

"ಆದ್ರ ಕತ್ತರಿ ಯಾಕ ಇವರ ಕೈಯಾಗ ಕೊಟ್ಟೀರಿ?"

ಬಗ್ಗಿ ನೋಡಿದೆ. ಕೊಟ್ಟಿದ್ದೆ. ಬೆನ್ನು ಮಾಡಿ ಕುಳಿತ ಆ ಮನುಷ್ಯನ ಬಲಗೈಯಲ್ಲಿ ದೊಡ್ಡದೊಂದು ಕತ್ತರಿ. ಅದರ ಪಕ್ಕದಲ್ಲೇ, ಹನ್ನೆರಡು ವರ್ಷದಿಂದ ಇವರು ಕತ್ತರಿ ಮುಟ್ಟಿಲ್ಲ ಎಂಬ ನನ್ನದೇ ಬರಹ. ಟೇಲರ್ ಎಂದರೆ ಕತ್ತರಿ ಎಂದು ಕೈ ತಾನಾಗಿ ಬರೆದಿತ್ತು. ಕಬ್ಬಿಣ ತಾನೇ ಎಂದು ಅದೊಂದನ್ನು ಬಣ್ಣವಿಲ್ಲದೆ ಬಿಟ್ಟಿದ್ದೆ. ಮಾಸ್ತರರು ಕುಳಿತು ಗುಟ್ಟು ಹೇಳುತ್ತಿದ್ದ ಅಷ್ಟೂ ಹೊತ್ತು ಪರದೆಯ ಆಚೆಯಿಂದ ಬಟ್ಟೆ ಕತ್ತರಿಸುವ ಸದ್ದು ಕೇಳುತ್ತಿದ್ದದ್ದು ಆಗ ನೆನಪಾಯಿತು.

ಹೊರಗೆ ಬಂದು ಸಂಪಾದಕರಿಗೆ ಫೋನ್ ಮಾಡಿದೆ.

"ಸರ್, ತಿದ್ದುಪಡಿಯೊಂದಿದೆ."

"ಯಾವ ಬಣ್ಣ ತಪ್ಪಾಗಿದೆ?" ಎಂದರು ಅವರು.