ಕಣ್ಣೀರು ಕತ್ತರಿಸಿದ ಕಾಕಾ

ಕೊಂಡಾಪುರದ ಸಾಫ್ಟ್‌ವೇರ್ ಕಂಪನಿಗಳ ಹುಡುಗರಿಗಷ್ಟೇ ಕಂಪ್ಯೂಟರ್ ಬರುತ್ತದೆ ಎಂಬುದು ಶುದ್ಧ ಸುಳ್ಳು. ರೈಲ್ವೆ ಗುಮಾಸ್ತನಾದ ನಾನೂ ಮೂರು ತಿಂಗಳು ಸಂಜೆ ಕ್ಲಾಸಿಗೆ ಹೋಗಿ ಸರ್ಟಿಫಿಕೇಟು ತಂದು, ಮಲ್ಕಾಜ್‌ಗಿರಿಯ ನಮ್ಮ ಮನೆಯಲ್ಲಿ ದೇವರ ಪಟದ ಪಕ್ಕದಲ್ಲೇ ನೇತುಹಾಕಿದ್ದೆ. ಆದ್ದರಿಂದ ಸುನಂದಾ ಒಂದು ಸಿಡಿ ಮಾಡಿಸಬೇಕೆಂದಾಗ ಆ ಮಹತ್ಕಾರ್ಯವನ್ನು ನಾನೇ ವಹಿಸಿಕೊಂಡೆ.

ಸುನಂದಾ ನನ್ನ ಹೆಂಡತಿ ಶಾಂತಾಳ ಅಕ್ಕನ ಮಗಳು, ಧಾರಾವಾಹಿ ನಟಿ. ಇಲ್ಲಿ ತೆಲುಗಿನಲ್ಲಿ ಎರಡು, ಕೊಲಂಬೊದಲ್ಲಿ ಒಂದು, ದುಬೈಯಲ್ಲಿ ಅರ್ಧ ಮಾಡಿದ್ದಳು. ದುಬೈಯ ನಿರ್ಮಾಪಕ ನಡುವೆಯೇ ಕೈ ಎತ್ತಿದ್ದರಿಂದ ಆರು ತಿಂಗಳಿಂದ ನಮ್ಮ ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದಳು. ಈಗ ಸಿಂಗಾಪುರದಿಂದ ಕರೆ ಬಂದಿತ್ತು. ಹಳೆಯ ದೃಶ್ಯಗಳನ್ನು ಸಿಡಿಯಲ್ಲಿ ಕಳಿಸಬೇಕು, ಹಿಡಿಸಿದರೆ ವರ್ಷವಿಡೀ ಕೆಲಸ. ತಪ್ಪಿದರೆ ಕಲಬುರ್ಗಿಗೆ ಮರಳಬೇಕು, ವರ ನೋಡುತ್ತೇನೆ ಎಂದು ಅವಳಪ್ಪ ತೀರ್ಪು ಕೊಟ್ಟಿದ್ದರು.

ಅವಳ ಧಾರಾವಾಹಿಗಳನ್ನು ಕಂಪ್ಯೂಟರಿಗೆ ಹಾಕಿ ನೋಡಿ ಗಾಬರಿಯಾದೆ. ಹುಡುಗಿ ಒಂದೇ ಸಮನೆ ಅಳುತ್ತಾಳೆ! ಒಂದರಲ್ಲಿ ಕುಂಕುಮ ಅಳಿಸುತ್ತಾರೆ, ಇನ್ನೊಂದರಲ್ಲಿ ಬಳೆ ಒಡೆಯುತ್ತಾರೆ. ಮದುವೆಯಾಗದ ಮನೆಮಗಳನ್ನು ಈ ಅವತಾರದಲ್ಲಿ ಪರದೇಶದವರಿಗೆ ತೋರಿಸುವುದೇ? ಶುಭಕಾರ್ಯಕ್ಕೆ ಅಪಶಕುನ ಬೇಡವೆಂದು ಕಣ್ಣೀರನ್ನೆಲ್ಲ ಕತ್ತರಿಸಿದೆ. ಉಳಿದದ್ದು ಅವಳು ಮೆಟ್ಟಿಲು ಇಳಿಯುವುದು, ರಂಗೋಲಿ ಹಾಕುವುದು ಮತ್ತು ಒಂಬತ್ತು ಸಲ ಚಹಾ ತರುವುದು. ಮೊದಲಿಗೆ ಒಂದು ಗಣಪತಿಯ ಚಿತ್ರವನ್ನೂ ಸೇರಿಸಿ, ಯಾರಿಗೂ ತೋರಿಸದೆ ಕೊರಿಯರ್ ಮಾಡಿದೆ.

ವಾರದಲ್ಲಿ ಮೇಲ್ ಬಂತು: “ಹುಡುಗಿ ಚಹಾ ಚೆನ್ನಾಗಿ ತರುತ್ತಾಳೆ. ನಟಿಸಲೂ ಬರುತ್ತದೆಯೇ?”

“ಕಾಕಾ, ಅಳೂ ಸೀನ್ ಎಲ್ಲಿ ಹೋದ್ವು?” ಎಂದಳು ಸುನಂದಾ.

“ಅಪಶಕುನ ಅಂತ ತಗದೀನವ್ವಾ.”

“ಅಳೂದೇ ನನ್ನ ನೌಕರಿ ಐತಿ, ಕಾಕಾ,” ಎಂದವಳು ಈ ಸಲ ಸುಮ್ಮನೆ, ಕ್ಯಾಮೆರಾ ಇಲ್ಲದೆಯೇ ಅತ್ತಳು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಶಾಂತಾ ಗೋಡೆಯ ಸರ್ಟಿಫಿಕೇಟನ್ನು ಇಳಿಸಿದಳು. “ಇದರ ಮ್ಯಾಲೆ ಹಪ್ಪಳಾ ಒಣಗಸ್ತೀನ್ರಿ. ಅದಕ್ಕರ ಉಪಯೋಗ ಆಗ್ಲಿ.”

ಸುನಂದಾ ಸಿಂಗಾಪುರಕ್ಕೆ ಫೋನ್ ಮಾಡಿ ಬೇಡಿಕೊಂಡಳು. ಮರುದಿನವೇ ಹೊಸ ದೃಶ್ಯವೊಂದನ್ನು ಕಳಿಸಿದರೆ ನೋಡುತ್ತೇವೆ ಎಂದರು. ಪಕ್ಕದ ಮನೆಯವರ ಕ್ಯಾಮೆರಾ ತಂದೆವು. ಶಾಂತಾ ಅದನ್ನು ಹಿಡಿದಳು. ಪ್ರಾಯಶ್ಚಿತ್ತವಾಗಿ, ಬಾಗಿಲ ಮರೆಯಲ್ಲಿ ನಿಂತು ಅತ್ತೆಯ ಮಾತು ಹೇಳುವ ಪಾತ್ರ ನನಗೆ ಬಂತು.

“ಈ ಮನಿಗೂ ನಿನಗೂ ಸಂಬಂಧ ಮುಗೀತು. ನಡಿ ಹೊರಗ,” ಎಂದು ತೆಳ್ಳನೆಯ ದನಿಯಲ್ಲಿ ಗದರಿದೆ.

“ಹೋಗತೀನ್ರಿ ಅತ್ತಿ. ನಿಮ್ಮ ಬಿಪಿ ಗುಳಿಗಿ ಎಲ್ಲಿಟ್ಟೀನಿ ಅಂತ ತೋರಿಸಿ ಹೋಗತೀನಿ,” ಎಂದು ಸುನಂದಾ ಕಣ್ಣೊರೆಸಿಕೊಂಡಳು.

ಎಂಥ ಸೊಸೆ! ಇಂಥವಳನ್ನು ಹೊರಗೆ ಹಾಕುತ್ತಿದ್ದೇನಲ್ಲ! ಬಾಯಿಗೆ ಟವೆಲ್ ತುರುಕಿಕೊಂಡರೂ ತಡೆಯಲಾಗದೆ ಗೊಳೋ ಎಂದು ಅತ್ತುಬಿಟ್ಟೆ. ಮತ್ತೊಮ್ಮೆ ತೆಗೆಯೋಣವೆಂದರೆ ಬ್ಯಾಟರಿ ಮುಗಿದಿತ್ತು, ಚಾರ್ಜರ್‌ನೊಂದಿಗೆ ಪಕ್ಕದವರು ತಿರುಪತಿಗೆ ಹೋಗಿದ್ದರು. ಹಾಗೆಯೇ ಕಳಿಸಿದೆವು.

ಈಗ ಸುನಂದಾ ಸಿಂಗಾಪುರದಲ್ಲಿ ಅಳುತ್ತಿದ್ದಾಳೆ, ಮನೆಮಂದಿಗೆಲ್ಲ ಸಂತೋಷ. ಮುಂದೆ ಮಲೇಷ್ಯಾದಲ್ಲೂ ಅಳಿಸುವ ಮಾತುಕತೆ ನಡೆದಿದೆ. ವರ ನೋಡುವುದನ್ನು ಬಿಟ್ಟು ಅವಳಪ್ಪ ಈಗ ನಕಾಶೆ ನೋಡುತ್ತಾರೆ.

ಅವಳನ್ನು ಆಯ್ಕೆ ಮಾಡಿದ ಮೇಲ್‌ನ ಕೊನೆಯಲ್ಲಿ ಇನ್ನೆರಡು ಸಾಲಿದ್ದವು. ಶಾಂತಾ ಅವನ್ನು ದೊಡ್ಡಕ್ಷರದಲ್ಲಿ ಬರೆದು ನನ್ನ ಸರ್ಟಿಫಿಕೇಟಿದ್ದ ಮೊಳೆಗೇ ನೇತುಹಾಕಿದ್ದಾಳೆ: “ಮರೆಯಲ್ಲಿ ಅತ್ತ ಮುದುಕಿಯ ನಟನೆ ಬಹಳ ಸಹಜವಾಗಿದೆ. ಅವರಿಗೆ ಪಾಸ್‌ಪೋರ್ಟ್ ಇದೆಯೇ?”